ಎದುರಿನವರ ಮಾತು ಮೊದಲು

ಮಳೆಯಲ್ಲಿ ನೆನೆದ ವಕೀಲರ ಕರಿಕೋಟಿಗೆ ಒಂದು ವಾಸನೆಯಿದೆ. ಪೆಟ್ಟಿಗೆಯ ನುಸಿಗುಳಿಗೆ, ಇಸ್ತ್ರಿಯ ಬಿಸಿ, ಬೆವರು, ಹಳೇ ಕಾಗದದ ಧೂಳು ಎಲ್ಲ ಕಲೆತು, ಅದರ ಮೇಲೆ ಸಾರಿನ ಒಗ್ಗರಣೆ ಬಿದ್ದಾಗ ಏಳುವ ವಾಸನೆ ಅದು. ಶಿವಮೊಗ್ಗದ ಕೋರ್ಟಿನಿಂದ ನಡೆದು ಬರುವಷ್ಟು ಹತ್ತಿರದ ಓಣಿಯಲ್ಲಿ ನನ್ನ ಮನೆ. ಮನೆಯ ಪಡಸಾಲೆಯೇ ನನ್ನ ಊಟದ ಮೆಸ್ಸು. ಮಳೆಗಾಲದಲ್ಲಿ ಊಟಕ್ಕೆ ಬಂದವರು ಕೋಟು ಬಿಚ್ಚಿ ಹಾಕಲೆಂದು ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿಸಿದ್ದೇನೆ. ಹೊಸಬರು ಯಾರಾದರೂ ಬಂದರೆ, "ಇದೇನ್ರೀ ರತ್ನಕ್ಕ, ಕಾಗೆಗಳ ಸಭೆ ಸೇರಿದ ಹಾಗಿದೆ" ಎನ್ನುತ್ತಾರೆ. ಈ ಸಲದ ಮೊದಲ ಜೋರು ಮಳೆಗೆ ಹಗ್ಗ ತುಂಬಿತು, ಆ ವಾಸನೆ ಎದ್ದಿತು, ನನ್ನ ಮನಸ್ಸು ಸೀದಾ ನಮ್ಮ ಸೌಮ್ಯ ಮನೆಗೆ ಬಂದಿಳಿದ ಆ ಮಳೆಗಾಲಕ್ಕೆ ಹೋಗಿ ಕೂತಿತು.

ಅವತ್ತು ಪಡಸಾಲೆಯಲ್ಲಿ ಇದ್ದವರು ಯಾರ್ಯಾರು ಅಂತ ಹೇಳಿಬಿಡುತ್ತೇನೆ. ಕಿಟಕಿಯ ಪಕ್ಕದ ಜಾಗದಲ್ಲಿ ಹಿರಿಯ ವಕೀಲ ಶಿವಲಿಂಗಪ್ಪನವರು. ಕುಂಸಿ ಕಡೆಯವರು, ಹಣೆಯ ತುಂಬ ವಿಭೂತಿ, ಎಷ್ಟೇ ಗಡಿಬಿಡಿಯಿದ್ದರೂ ಮಜ್ಜಿಗೆ ಅನ್ನ ಉಣ್ಣದೆ ಏಳುವವರಲ್ಲ. ಅವರ ಎದುರಿಗೆ ಅವರ ಜೂನಿಯರ್ ವಿನಯ. ಆಗಿನ್ನೂ ಮೀಸೆ ಸರಿಯಾಗಿ ಬಲಿತಿರದಿದ್ದರೂ ಬಾಯಿ ಮಾತ್ರ ಚೆನ್ನಾಗಿ ಬಲಿತಿತ್ತು. ಬಾಗಿಲಲ್ಲಿ ನನ್ನ ತಮ್ಮ ಮಂಜ, ಕೈಯಲ್ಲಿ ಮಗಳ ಬಟ್ಟೆಯ ಚೀಲ. ಅವನ ಹಿಂದೆ, ಮಳೆಯ ನೀರು ತೊಟ್ಟಿಕ್ಕುವ ಜಡೆ ಹಿಂಡುತ್ತಾ ಸೌಮ್ಯ. ಭದ್ರಾವತಿಯಿಂದ ಅವನ ಲಗೇಜ್ ಆಟೋದಲ್ಲಿ ಬಂದಿದ್ದರು.

"ಅಕ್ಕ, ಇವಳನ್ನ ಸ್ವಲ್ಪ ದಿನ ಇಟ್ಕೋ. ಅಲ್ಲಿದ್ರೆ ನಂಗೂ ಇವ್ಳಿಗೂ ದಿನಾ ಜಟಾಪಟಿ" ಎಂದ ಮಂಜ. ಅಷ್ಟು ಜನ ಊಟಕ್ಕೆ ಕೂತಿದ್ದಾರೆ ಎಂಬ ಸಂಕೋಚವೂ ಇಲ್ಲದೆ, "ಪಿಯುಸಿಲಿ ಐವತ್ತರ ಮೇಲೆ ಏನೋ ಒಂದಿಷ್ಟು ಬಂದಿದೆ. ಅದನ್ನ ಇಟ್ಕೊಂಡು ಲಾಯರ್ ಆಗ್ತಾಳಂತೆ ಮಾರಾಯ್ತಿ. ನೀನಾದ್ರೂ ಬುದ್ಧಿ ಹೇಳು" ಎಂದ.

ವಿನಯ ಹಪ್ಪಳ ಮುರಿಯುತ್ತಾ, "ಬರ್ಲಿ ಬಿಡಿ ಅಣ್ಣ. ನಮ್ಮ ಥರಾನೇ ರತ್ನಕ್ಕನ ಸಾರು ಕುಡ್ಕೊಂಡು ಕಕ್ಷಿದಾರರ ದಾರಿ ಕಾಯೋಕೆ ಇನ್ನೊಬ್ರು ಆಗ್ತಾರೆ" ಎಂದು ನಗಿಸಿದ.

ಸೌಮ್ಯ ನಗಲಿಲ್ಲ, ಮುಖವನ್ನೂ ಸಣ್ಣ ಮಾಡಲಿಲ್ಲ. ಚೀಲವನ್ನು ಒಳಗಿಟ್ಟು ಬಂದು, ಸಾರಿನ ಬೋಗುಣಿ ಎತ್ತಿಕೊಂಡು, "ನಿಮಗಿನ್ನೂ ಸ್ವಲ್ಪ ಹಾಕ್ಲಾ?" ಎಂದು ಅವನನ್ನೇ ಮೊದಲು ಕೇಳಿದಳು. ಆ ಹುಡುಗಿಯ ರೀತಿಯೇ ಹಾಗೆ.

ಅದು ಎಲ್ಲಿಂದ ಬಂತು ಎಂದು ಹೇಳಬೇಕಾದರೆ ಭದ್ರಾವತಿಯ ಕಾಗದನಗರದ ನಲ್ಲಿಯ ಹತ್ತಿರ ಹೋಗಬೇಕು. ನಮ್ಮಪ್ಪ ಕಾಗದದ ಕಾರ್ಖಾನೆಯಲ್ಲಿದ್ದವರು, ಅವರ ನಂತರ ಮಂಜನೂ ಅಲ್ಲೇ, ಅದು ಮುಚ್ಚುವ ತನಕ. ಕ್ವಾರ್ಟರ್ಸಿನ ನಮ್ಮ ಸಾಲಿನಲ್ಲಿ ಒಂದು ಕಡೆ ತಮಿಳಿನ ಸೆಲ್ವಮ್ಮ, ಇನ್ನೊಂದು ಕಡೆ ತೆಲುಗಿನವರು, ಎದುರು ಮನೆಯಲ್ಲಿ ಉರ್ದು ಮಾತಾಡುವವರು, ನಡುವೆ ನಾವು. ನಲ್ಲಿ ಮಾತ್ರ ಎಲ್ಲರಿಗೂ ಒಂದೇ. ಒಂದು ಬೆಳಗ್ಗೆ ನಮ್ಮವ್ವ ನಲ್ಲಿಕಟ್ಟೆಯ ಮೇಲೆ ನಿಂತಿದ್ದಾಗ ಸೆಲ್ವಮ್ಮ ತನ್ನ ಹಿತ್ತಾಳೆ ಕೊಡ ತಂದಿಟ್ಟು, "ಕೊಂಜಂ ತಳ್ಳುಮ್ಮಾ" ಎಂದಳಂತೆ. ತಮಿಳಿನಲ್ಲಿ ಹಾಗೆಂದರೆ ಸ್ವಲ್ಪ ಆಚೆ ಸರಿ ಎಂದರ್ಥ. ಅವ್ವನಿಗೆ ಅದೇನು ಗೊತ್ತು? ಇವಳಿಗೇನು ಹುಚ್ಚೋ ಅಂದುಕೊಂಡು, ಹೇಳಿದ್ದಾಳಲ್ಲಾ ಅಂತ ಸೆಲ್ವಮ್ಮನ ಕೊಡವನ್ನೇ ಕಟ್ಟೆಯಿಂದ ತಳ್ಳಿಬಿಟ್ಟಳು. ಕೊಡ ನೆಗ್ಗಿತು. ಜಗಳ ಹತ್ತಿತು. "ಯಾಕೆ ತಳ್ಳಿದೆ?" ಎಂದು ಅವಳು ತಮಿಳಿನಲ್ಲಿ, "ನೀನೇ ತಳ್ಳು ಅಂದ್ಯಲ್ಲೇ!" ಎಂದು ಇವಳು ಕನ್ನಡದಲ್ಲಿ. ಇಡೀ ಸಾಲು ಹೊರಗೆ ಬಂದು ನೋಡಿತಂತೆ. ಕೊನೆಗೆ ಎರಡೂ ಭಾಷೆ ಬಲ್ಲ ಯಾರೋ ಬಿಡಿಸಿ ಹೇಳಿದ ಮೇಲೆ ಇಬ್ಬರೂ ನಲ್ಲಿ ಹರಿಯುವುದನ್ನೂ ಮರೆತು ನಕ್ಕರು.

ಅವತ್ತಿನಿಂದ ಅವ್ವ ಒಂದು ಕಟ್ಟಳೆ ಮಾಡಿದಳು. ನಲ್ಲಿಯ ಹತ್ತಿರ ಯಾರೇ ಜಗಳ ತೆಗೆಯಲಿ, ಅವರು ತಮ್ಮ ಮಾತು ಆಡುವ ಮೊದಲು ಎದುರಿನವರ ಮಾತನ್ನು ಒಪ್ಪಿಸಬೇಕು. "ನೀನು ಹೇಳಿದ್ದು ಹಿಂಗೆ ತಾನೆ?" ಎಂದು ಅವರ ಪರವಾಗಿ ಪೂರ್ತಿ ಹೇಳಬೇಕು. ಅವರು "ಹೌದು, ಅದೇ" ಎಂದ ಮೇಲೆಯೇ ತನ್ನದು. ಮೊದಮೊದಲು ಇದೊಂದು ಆಟವಾಗಿತ್ತು. ಬರಬರುತ್ತ ಸಾಲಿನ ಪದ್ಧತಿಯೇ ಆಯಿತು. ಅರ್ಧಕ್ಕರ್ಧ ಜಗಳ ಅಲ್ಲೇ ನಂದಿಹೋಗುತ್ತಿತ್ತು. ಎದುರಿನವಳ ಸಂಕಟವನ್ನು ತನ್ನ ಬಾಯಿಂದಲೇ ಹೇಳಿದ ಮೇಲೆ ಅವಳನ್ನು ಬೈಯಲು ನಾಲಿಗೆ ಎಲ್ಲಿ ಏಳುತ್ತದೆ? ಸೌಮ್ಯ ಅವ್ವನ ಸೆರಗು ಹಿಡಿದು ಆ ನಲ್ಲಿಯ ಹತ್ತಿರವೇ ಬೆಳೆದವಳು. ತಾಯಿಯಿಲ್ಲದ ಮಗು, ಅಜ್ಜಿ ಹೋದಲ್ಲೆಲ್ಲ ಹಿಂದೆ. ಸೆಲ್ವಮ್ಮನ ದೂರನ್ನು ಕನ್ನಡದಲ್ಲಿ, ಅವ್ವನ ದೂರನ್ನು ತಮಿಳಿನಲ್ಲಿ ಒಪ್ಪಿಸುತ್ತಾ ಮಾತು ಕಲಿತಳು.

ಆದರೆ ಶಾಲೆಯಲ್ಲಿ ಒಪ್ಪಿಸುವುದೆಂದರೆ ಬೇರೆಯಲ್ಲವೇ? ಅದು ಅವಳಿಗೆ ಒಲಿಯಲಿಲ್ಲ. ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳು ಎಂದರೆ ಎರಡು ಸಾಲಿಗೆ ತಡವರಿಸುವಳು, ಮೂರನೆಯ ಸಾಲಿಗೆ, "ಇದು ಯಾಕೆ ಹಿಂಗೆ ಅಂತ ಬರೆದಿಲ್ಲ ಮಿಸ್" ಎನ್ನುವಳು. ಪ್ರತಿ ವರ್ಷವೂ ನಡುವಿನ ಬೆಂಚು, ನಡುವಿನ ಅಂಕ. ಅವ್ವ ತೀರಿಕೊಂಡ ಮೇಲೆ ಅದೂ ಸ್ವಲ್ಪ ಇಳಿಯಿತು.

ಇನ್ನು ಲಾಯರ್ ಓದಿನ ಸೀಟಿನ ವಿಚಾರ. ನಮ್ಮೂರಿನ ಒಂದು ಕಾನೂನು ಕಾಲೇಜಿನಲ್ಲಿ ಐದು ವರ್ಷದ ಓದಿಗೆ ಸೇರಿಸಿಕೊಳ್ಳುವಾಗ ಹೆಚ್ಚಿನ ಸೀಟು ಅಂಕದ ಮೇಲೆ ಹೋಗುತ್ತಿತ್ತು. ಕೊನೆಯ ಕೆಲವನ್ನು ಮಾತ್ರ ಕಡಿಮೆ ಅಂಕದವರಿಗೆಂದು ಇಟ್ಟಿದ್ದರು. ಅದಕ್ಕೆ ಮೊದಲು ಒಂದು ಬರವಣಿಗೆಯ ಪರೀಕ್ಷೆ, ಅದನ್ನು ದಾಟಿದವರಿಗೆ ಸಂದರ್ಶನ. ಈ ಸಂಗತಿ ಶಿವಲಿಂಗಪ್ಪನವರ ಬಾಯಿಂದಲೇ ಬಂದದ್ದು. ಮಂಜ ತನ್ನ ಲೆಕ್ಕಾಚಾರದಲ್ಲಿದ್ದ. ಭದ್ರಾವತಿಯಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬಿನ ಕೋರ್ಸಿಗೆ ಮಗಳ ಹೆಸರು ಹೇಳಿಟ್ಟಿದ್ದ. ಆಷಾಢ ಕಳೆದು ಶ್ರಾವಣ ಬಂದರೆ ಅಲ್ಲಿ ತರಗತಿ ಶುರು. "ಅಷ್ಟರೊಳಗೆ ನಿನ್ನ ಸೀಟು ಸಿಕ್ತೋ, ನೀನು ಗೆದ್ದೆ. ಸಿಗ್ಲಿಲ್ವೋ, ಬಾಯಿ ಮುಚ್ಕೊಂಡು ಲ್ಯಾಬಿಗೆ" ಎಂದು ಹೇಳಿ ಹೋದ. ಸೌಮ್ಯಳಿಗೆ ಇದ್ದದ್ದು ಆ ಒಂದು ಮಳೆಗಾಲ.

ಮರುದಿನ ಊಟವಾದ ಮೇಲೆ ಶಿವಲಿಂಗಪ್ಪನವರು ಅವಳನ್ನು ಕರೆದು, ಕರಾರು ಎಂದರೇನು ಎಂಬುದನ್ನು ಕಾನೂನಿನ ಮಾತಿನಲ್ಲೇ ಹೇಳಿಕೊಟ್ಟರು. "ನಾಳೆ ಬಂದಾಗ ಒಪ್ಪಿಸಬೇಕು" ಎಂದರು. ಮಾರನೇ ದಿನ ಸೌಮ್ಯ ಕೈಕಟ್ಟಿ ನಿಂತಳು. ಮೊದಲ ಸಾಲು ಬಂತು. ಎರಡನೆಯದರಲ್ಲಿ ಕಾಲು ಜಾರಿತು.

"ಒಪ್ಪಿಸೋಕೆ ಬರಲ್ಲ ಸರ್" ಎಂದಳು.

ಅವರು ಕೈ ತೊಳೆಯುತ್ತಾ, "ಇದು ಆಗೋ ಹೋಗೋ ಕೆಲಸ ಅಲ್ಲ ರತ್ನಮ್ಮ. ಹುಡುಗಿ ಒಳ್ಳೇದು. ಲ್ಯಾಬೇ ಸರಿ ಇವಳಿಗೆ" ಎಂದು ನನ್ನೊಬ್ಬಳಿಗೆ ಕೇಳುವ ಹಾಗೆ ಹೇಳಿದರು. ಸೌಮ್ಯಳಿಗೂ ಕೇಳಿಸಿತು. ಎಲೆ ತೆಗೆಯುತ್ತಿದ್ದ ಅವಳ ಕೈ ಒಂದು ಗಳಿಗೆ ನಿಂತು ಮತ್ತೆ ಕೆಲಸಕ್ಕೆ ಹತ್ತಿತು.

ಅವರ ಅಭಿಪ್ರಾಯವನ್ನು ಬದಲಿಸಿದ್ದು ನುಗ್ಗೆಕಾಯಿ.

ನಮ್ಮ ಹಿತ್ತಿಲಲ್ಲಿ ಒಂದು ನುಗ್ಗೆಮರವಿತ್ತು. ಬುಡ ನಮ್ಮ ಕಡೆ, ತಲೆ ಪಕ್ಕದ ಮನೆಯ ಗೋಪಾಲಪ್ಪ ಮೇಷ್ಟ್ರ ಕಡೆ. ಅವರು ನಿವೃತ್ತ ಹೆಡ್‌ಮೇಷ್ಟ್ರು. ಕಾಂಪೌಂಡಿನ ಆಚೆ ಬಾಗಿದ ಕೊಂಬೆಯ ಕಾಯನ್ನೆಲ್ಲ ಉದ್ದನೆಯ ದೋಟಿ ಹಿಡಿದು ಕೀಳುತ್ತಿದ್ದರು. ನನಗೋ ಮೆಸ್ಸಿನ ಸಾಂಬಾರಿಗೆ ಕಾಯಿ ಬೇಕು. ಆ ಆಷಾಢದಲ್ಲಿ ನಮ್ಮಿಬ್ಬರ ನಡುವೆ ಮಾತು ಬಿದ್ದುಹೋಗಿತ್ತು. ಒಂದು ದಿನ ಎಲ್ಲರಿಗೂ ಬಡಿಸುತ್ತಾ ನಾನು ಅಳಲು ತೋಡಿಕೊಂಡೆ. ಪಡಸಾಲೆ ತುಂಬ ವಕೀಲರು, ಕೇಳಬೇಕೇ? ಉಂಡ ಋಣಕ್ಕೆ ಎಲ್ಲರೂ ನನ್ನ ಪರ. "ಮರ ನಿಮ್ದು ಅಂದ್ಮೇಲೆ ಕಾಯೂ ನಿಮ್ದೇ. ಕೊಂಬೆ ಅವರ ಕಡೆ ಬಂದ್ರೆ ಕಡೀರಿ ಅಂತ ಕೇಳ್ಬಹುದು, ಕಾಯಿ ತಿನ್ನೋ ಹಾಗಿಲ್ಲ" ಎಂದ ಒಬ್ಬ. "ಒಂದು ನೋಟೀಸ್ ಬಿಡೋಣ ರತ್ನಕ್ಕ, ಮೇಷ್ಟ್ರು ದೋಟಿ ಬಿಸಾಕಿ ಓಡ್ಬೇಕು" ಎಂದ ವಿನಯ.

ಸೌಮ್ಯ ಮಜ್ಜಿಗೆಯ ಪಾತ್ರೆ ಕೆಳಗಿಟ್ಟು, "ಅತ್ತೆ, ನಾನೊಂದ್ಸಲ ಮಾತಾಡ್ತೀನಿ" ಎಂದು ಹಿತ್ತಿಲಿಗೆ ನಡೆದಳು. ನಾನು ಹಿಂದೆ ಹೋದೆ. ತಮಾಷೆ ನೋಡಲೆಂದು ಶಿವಲಿಂಗಪ್ಪನವರೂ ವಿನಯನೂ ಎಂಜಲು ಕೈಯಲ್ಲೇ ಹಿತ್ತಿಲ ಬಾಗಿಲಿಗೆ ಬಂದರು. ಮೇಷ್ಟ್ರು ಕಾಂಪೌಂಡಿನ ಆಚೆ ಕೊಡೆ ಹಿಡಿದು ನಿಂತಿದ್ದರು. ಇವಳನ್ನು ಕಂಡದ್ದೇ, "ನಿಮ್ಮತ್ತೆ ವಕೀಲರನ್ನ ಸಾಕ್ಕೊಂಡಿದಾರೆ ಅಂತ ನಾನೇನು ಹೆದ್ರಲ್ಲ ಕಣಮ್ಮ!" ಎಂದರು.

"ಮೇಷ್ಟ್ರೇ, ಮೊದ್ಲು ನಿಮ್ಮ ಮಾತು ನಾನು ಹೇಳ್ತೀನಿ. ತಪ್ಪಿದ್ರೆ ತಿದ್ದಿ" ಎಂದಳು ಸೌಮ್ಯ. "ಮಳೆ ಬಿದ್ದ ಕೂಡ್ಲೇ ಈ ಮರಕ್ಕೆ ಕಂಬಳಿಹುಳ ಹತ್ತುತ್ತೆ. ಹುಳ ಬೀಳೋದು ನಮ್ಮ ಕಡೆ ಅಲ್ಲ, ನಿಮ್ಮ ಬಟ್ಟೆ ಒಣಗಿಸೋ ಹಗ್ಗದ ಮೇಲೆ. ಹೋದ ವಾರ ನಿಮ್ಮನೆ ಅಜ್ಜಿಗೆ ಕತ್ತೆಲ್ಲ ದದ್ದು ಎದ್ದು ನಿದ್ದೆ ಮಾಡಿಲ್ಲ. ಎಲೆ ಉದುರಿ ನಿಮ್ಮ ಶೀಟಿನ ಅಂಚಿನ ನೀರು ಹೋಗೋ ದೋಣಿ ಕಟ್ಕೊಂಡು ನೀರು ಅಡುಗೆಮನೆಗೆ ಇಳಿಯುತ್ತೆ. ಗಾಳಿ ಬಂದ್ರೆ ಕೊಂಬೆ ಎಲ್ಲಿ ಶೀಟಿನ ಮೇಲೆ ಬೀಳುತ್ತೋ ಅಂತ ಭಯ, ನುಗ್ಗೆ ಕೊಂಬೆ ಮುರಿಯೋಕೆ ಎಷ್ಟು ಹೊತ್ತು? ಇಷ್ಟೆಲ್ಲ ಅನುಭವಿಸೋರು ನೀವು. ಕಾಯಿ ಕಿತ್ರೆ ಮಾತ್ರ ಕಳ್ಳ ಅನ್ನೋ ಹಾಗೆ ನೋಡ್ತಾರೆ. ಇದೇ ತಾನೆ?"

ಮೇಷ್ಟ್ರು ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. "ಗಟಾರದ್ದು ಬಿಟ್ಟೆ ಕಣಮ್ಮ. ಹೂವೆಲ್ಲ ಉದುರಿ ಗಟಾರನೂ ಕಟ್ಟುತ್ತೆ" ಎಂದರು.

"ಹೌದು, ಗಟಾರನೂ."

ಮೇಷ್ಟ್ರು ನನ್ನ ಮುಖ ನೋಡಿದರು, ಮರದ ತಲೆ ನೋಡಿದರು. ಕೊನೆಗೆ ಅವರೇ, "ಸರಿ, ನಿಮ್ಮತ್ತೆಯೋರ ಮಾತೇನು, ಅದೂ ಹೇಳು" ಎಂದರು.

ನನ್ನ ಮಾತು ಇನ್ನೇನಿರುತ್ತೆ? ಆ ದದ್ದಿನ ಸುದ್ದಿ ಕೇಳಿಯೇ ನನ್ನ ಸಿಟ್ಟು ಇಳಿದುಹೋಗಿತ್ತು. ಪಕ್ಕದ ಮನೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ; ಈ ಹುಡುಗಿ ಕಾಂಪೌಂಡಿನ ಹತ್ತಿರ ನಿಂತು ಮಾತಾಡಿಸಿ ಆಗಲೇ ತಿಳಿದುಕೊಂಡಿದ್ದಳು. ದೋಣಿಯ ಮೇಲಿನ ಕೊಂಬೆಯನ್ನು ನಾವು ಕಡಿಸುವುದು, ಉಳಿದ ಕಾಯನ್ನು ಮೇಷ್ಟ್ರೇ ತಮ್ಮ ದೋಟಿಯಲ್ಲಿ ಕಿತ್ತು ನಮಗೆ ಕೊಡುವುದು, ನುಗ್ಗೆಕಾಯಿ ಸಾಂಬಾರು ಮಾಡಿದ ದಿನ ಅವರ ಮನೆಗೆ ಒಂದು ಪಾತ್ರೆ ಹೋಗುವುದು ಎಂದಾಯಿತು.

ಶಿವಲಿಂಗಪ್ಪನವರು ಒಳಗೆ ಬಂದು ಕೈ ತೊಳೆದುಕೊಂಡು ಕೂತರು. ಆಮೇಲೆ ವಿನಯನಿಗೆ ಹೇಳಿದರು: "ಪಾಠ ಒಪ್ಪಿಸೋಕೆ ಬರದೇ ಇರ್ಬಹುದು ಕಣೋ. ಆದ್ರೆ ಮೇಷ್ಟ್ರನ್ನ ಒಪ್ಪಿಸಿದ್ಲಲ್ಲ, ನೋಡ್ದ್ಯಾ?" ನಮ್ಮ ಭಾಷೆ ಎಷ್ಟು ಜಾಣತನದ್ದು ನೋಡಿ. ಕಲಿತದ್ದನ್ನು ಹೇಳುವುದಕ್ಕೂ, ಎದುರಿನವರು ಹೂಂ ಎನ್ನುವ ಹಾಗೆ ಮಾಡುವುದಕ್ಕೂ, ಅವರದನ್ನು ಅವರ ಕೈಗೆ ಜೋಪಾನವಾಗಿ ತಲುಪಿಸುವುದಕ್ಕೂ ಒಂದೇ ಮಾತು ಇಟ್ಟುಕೊಂಡಿದೆ. ನಮ್ಮವ್ವ ಮೂರನ್ನೂ ಒಂದೇ ನಲ್ಲಿಯಲ್ಲಿ ಹಿಡಿದಿದ್ದಳು.

ಅಲ್ಲಿಂದ ಮುಂದೆ ನಮ್ಮ ಪಡಸಾಲೆಯ ರೀತಿಯೇ ಬದಲಾಯಿತು. ಊಟ ಮುಗಿದು, ಕೋರ್ಟಿಗೆ ಹಿಂದಿರುಗುವ ಮೊದಲಿನ ಆ ಸ್ವಲ್ಪ ಹೊತ್ತಿನಲ್ಲಿ ಶಿವಲಿಂಗಪ್ಪನವರು ಒಂದು ವ್ಯಾಜ್ಯ ಹೇಳುವರು. ಒಂದು ಸಲ ದಾರಿಯ ಹಕ್ಕಿನದು, ಇನ್ನೊಂದು ಸಲ ಮದುವೆ ಮನೆಯಿಂದ ತಂದು ಹಿಂದಿರುಗಿಸದ ಹಂಡೆಯದು. ಸೌಮ್ಯ ಎರಡೂ ಕಡೆ ಒಪ್ಪಿಸಬೇಕು. ಒಂದು ಕಡೆಗೆ ಸ್ವಲ್ಪ ಹೆಚ್ಚು ವಾಲಿದರೆ ಊಟಕ್ಕೆ ಕೂತವರೆಲ್ಲ, "ಏಯ್, ತಕ್ಕಡಿ ತಕ್ಕಡಿ!" ಎಂದು ಕೂಗುವರು. ವಿನಯ ಬೆಳಗ್ಗೆ ಇಂಗ್ಲಿಷ್ ಪೇಪರು ತಂದುಕೊಡುತ್ತಿದ್ದ. ಅವಳು ದೋಸೆ ಹಿಟ್ಟು ರುಬ್ಬುತ್ತಾ ಒಂದು ಲೇಖನ ಓದಿ, ಬರೆದವನ ಮಾತನ್ನು ನನಗೆ ಕನ್ನಡದಲ್ಲಿ ಹೇಳಬೇಕು. ನನಗೆ ಅರ್ಥವಾದರೆ ಅವಳಿಗೆ ಅರ್ಥವಾದ ಲೆಕ್ಕ. ಬ್ಯಾಂಕುಗಳ ವಿಚಾರ, ಬೇರೆ ದೇಶದ ಯುದ್ಧಗಳ ವಿಚಾರ ಎಲ್ಲ ನನಗೆ ಆ ವರ್ಷ ಗ್ರೈಂಡರಿನ ಸದ್ದಿನ ನಡುವೆ ತಿಳಿದದ್ದು. ಗೊತ್ತಿಲ್ಲದ ಪದ ಬಂದರೆ ನಾಚಿಕೊಳ್ಳದೆ ವಿನಯನಿಗೆ ಫೋನು ಮಾಡುವಳು. ಅವನು ಸ್ನಾನದಲ್ಲಿದ್ದರೂ ಬಿಡುತ್ತಿರಲಿಲ್ಲ.

ಮಳೆ ಎಂದರೆ ಮಳೆ. ತುಂಗೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಬಟ್ಟೆ ಒಣಗುತ್ತಿರಲಿಲ್ಲ. ಬರವಣಿಗೆಯ ಪರೀಕ್ಷೆಗೆ ಅವಳು ಒಲೆಯ ಮುಂದೆ ಹಿಡಿದು ಒಣಗಿಸಿದ ಚೂಡಿದಾರದಲ್ಲಿ ಹೋದಳು. ಅದರಲ್ಲಿ ಹೆಸರು ಬಂತು. ಪಡಸಾಲೆಯಲ್ಲಿ ಎಲ್ಲರಿಗೂ ಕೇಸರಿಬಾತು ಹಂಚಿದೆ. ಇನ್ನುಳಿದದ್ದು ಸಂದರ್ಶನ ಒಂದೇ.

ಸಂದರ್ಶನಕ್ಕೆ ನಾನೂ ಜೊತೆಗೆ ಹೋದೆ. ಕಾಲೇಜಿನ ಜಗುಲಿಯ ಬೆಂಚಿನಲ್ಲಿ ಸೀಟಿಗಿಂತ ಎಷ್ಟೋ ಹೆಚ್ಚು ಮಕ್ಕಳು. ಸೌಮ್ಯ ಪಕ್ಕದಲ್ಲಿ ಕೂತ ಕುಂಸಿಯ ಹುಡುಗಿಯ ಜೊತೆ ಆಗಲೇ ಮಾತಿಗಿಳಿದು, ಅವಳ ಮನೆಯ ಎಮ್ಮೆಯ ಹೆಸರಿನ ತನಕ ತಿಳಿದುಕೊಂಡಿದ್ದಳು. ಹೆಸರು ಕರೆದರು. ಹೋದಳು. ಹೊರಗೆ ಬಂದಾಗ ಮುಖದಲ್ಲಿ ಬಣ್ಣವಿರಲಿಲ್ಲ. ಮನೆಗೆ ಬಂದು, ಎಲ್ಲರ ಎದುರಿಗೆ, ನೀರು ಕುಡಿದು ಹೇಳಿದಳು:

"ಅತ್ತೆ, ನಾನು ಅವರ ಮಾತೇ ಹೇಳಿ ಬಂದ್ಬಿಟ್ಟೆ."

"ಯಾರ ಮಾತೇ?"

"ಪ್ರಿನ್ಸಿಪಾಲ್ ಮೇಡಂ ಕೇಳಿದ್ರು, ಹೊರಗೆ ನಿನಗಿಂತ ಜಾಸ್ತಿ ಅಂಕ ಇರೋರು ಕೂತಿದಾರೆ, ನಿಂಗ್ಯಾಕೆ ಸೀಟು ಕೊಡ್ಬೇಕು ಅಂತ. ನಾನು ಮೊದ್ಲು ಅವ್ರ ಕಡೆದು ಒಪ್ಪಿಸೋಣ ಅಂತ ಶುರು ಮಾಡಿದೆ. ಕುಂಸಿ ಹುಡುಗಿ ದಿನಾ ಬಸ್ಸಲ್ಲಿ ನಿಂತ್ಕೊಂಡೇ ಬಂದು ಅಷ್ಟು ತೆಗ್ದಿದಾಳೆ, ನಾನು ಮನೆ ಪಕ್ಕದ ಕಾಲೇಜಿಗೆ ನಡ್ಕೊಂಡು ಹೋಗಿ ಇಷ್ಟೇ ತೆಗ್ದೆ ಅಂದೆ. ಅಂಕ ಅನ್ನೋದು ಎಲ್ರಿಗೂ ಕಾಣೋ ಅಳತೆ, ಅದನ್ನ ಬಿಟ್ಟು ಬಾಯಿ ಮಾತು ನಂಬಿ ಸೀಟು ಕೊಟ್ರೆ ಕಾಲೇಜನ್ನ ಯಾರು ನಂಬ್ತಾರೆ ಅಂದೆ. ಕಷ್ಟ ಪಟ್ಟು ಓದಿದೋರಿಗೆ ಅದು ಮೋಸ ಅಂದೆ. ಮೂರು ಜನಾನೂ ಪೆನ್ನು ಕೆಳಗಿಟ್ಟು ಕೇಳಿದ್ರು. ಇನ್ನೇನು ನಂದು ಶುರು ಮಾಡ್ಬೇಕು, ಅಷ್ಟ್ರಲ್ಲಿ ಮೇಡಂ ‘ಆಯ್ತು, ಹೋಗಮ್ಮ’ ಅಂದ್ರು."

ವಿನಯ ಕೈಯ ತುತ್ತನ್ನು ಎಲೆಗೆ ಹಾಕಿ ಹೇಳಿದ: "ನಿನ್ನ ಕೇಸಲ್ಲಿ ನೀನೇ ಎದುರು ಪಾರ್ಟಿಗೆ ವಕಾಲತ್ತು ಹಾಕಿ ಬಂದ್ಯಲ್ಲೇ ಮಾರಾಯ್ತಿ!"

ಶಿವಲಿಂಗಪ್ಪನವರು ಅವನನ್ನು ಗದರಿದರು. ಆದರೆ ಅವರೂ ಅವತ್ತು ಮಜ್ಜಿಗೆ ಅನ್ನ ಉಣ್ಣದೆ ಎದ್ದುಹೋದರು.

ಪಟ್ಟಿ ಹಾಕಲು ಇನ್ನೂ ಒಂದು ವಾರ ಎಂದಿದ್ದರು. ಸುದ್ದಿ ಭದ್ರಾವತಿಗೆ ಹೋಯಿತು. ಮಂಜ ಮಾರನೇ ಬೆಳಗ್ಗೆಯೇ ಆಟೋ ತಂದು ಬಾಗಿಲಿಗೆ ನಿಲ್ಲಿಸಿದ. ಲ್ಯಾಬಿನ ಕೋರ್ಸಿಗೆ ಸೋಮವಾರದೊಳಗೆ ಸೇರದಿದ್ದರೆ ಆ ಜಾಗವೂ ಬೇರೆಯವರಿಗೆ.

"ಚೀಲ ಎತ್ಕೊ" ಎಂದ. "ನೀನೇ ನಿಂಗೆ ಸೀಟು ಬೇಡ ಅಂತ ಹೇಳಿ ಬಂದಿದೀಯಂತೆ. ಇನ್ನೇನಿದೆ ಕಾಯೋಕೆ?"

ನಾನು, "ಕಾಫಿ ಕುಡಿ ಮೊದ್ಲು" ಎಂದು ಅವನನ್ನು ಕೂರಿಸಿದೆ. ಸೌಮ್ಯ ಲೋಟ ತಂದುಕೊಟ್ಟು ಅವನ ಎದುರಿಗೇ ನೆಲದ ಮೇಲೆ ಕೂತಳು.

"ಅಪ್ಪ, ನಿನ್ನ ಮಾತು ನಾನು ಒಪ್ಪಿಸ್ಲಾ?"

"ಅಜ್ಜಿ ಆಟ ನನ್ಹತ್ರ ಆಡ್ಬೇಡ."

"ಆಟ ಅಲ್ಲಪ್ಪ. ತಪ್ಪಿದ್ರೆ ಹೇಳು, ಚೀಲ ಎತ್ಕೊಂಡು ಬರ್ತೀನಿ." ಅವಳು ಅವನ ಮುಖ ನೋಡದೆ, ಅವನ ಕೈಯ ಲೋಟ ನೋಡುತ್ತಾ ಹೇಳತೊಡಗಿದಳು. "ಕಾರ್ಖಾನೆ ಸೈರನ್ ಆಗ್ತಿದ್ದಾಗ ನಮ್ಮನೇಲಿ ಗಡಿಯಾರ ಬೇಕಿರಲಿಲ್ಲ. ನೀನು ಸೈರನ್ನಿಗೆ ಏಳ್ತಿದ್ದೆ, ಸೈರನ್ನಿಗೆ ಹೋಗ್ತಿದ್ದೆ. ಅದು ನಿಂತ ಮೇಲೂ ಎಷ್ಟೋ ದಿನ ನೀನು ಅದೇ ಹೊತ್ತಿಗೆ ಎದ್ದು, ಶರ್ಟ್ ಹಾಕ್ಕೊಂಡು ಬಾಗಿಲಲ್ಲಿ ನಿಂತ್ಕೊಳ್ತಿದ್ದೆ. ‘ಸೈರನ್ ಆಗಿಲ್ಲ ಕಣೋ’ ಅಂತ ಅಜ್ಜಿ ಅಂದ್ರೆ ‘ಗೊತ್ತಮ್ಮ’ ಅಂತಿದ್ದೆ. ಆದ್ರೂ ನಿಂತೇ ಇರ್ತಿದ್ದೆ. ನಾನು ಚಿಕ್ಕವಳು, ಗೊತ್ತಾಗಲ್ಲ ಅಂತ ನೀನು ಅಂದ್ಕೊಂಡಿದ್ದೆ. ಈಗ ನೀನು ಹೇಳೋದು, ಒಂದೇ ಬಾಗಿಲು ನಂಬ್ಕೊಂಡು ನಿಂತು ನಾನು ಕೆಟ್ಟೆ, ನನ್ನ ಮಗಳು ಇನ್ಯಾವುದೋ ಬಾಗಿಲ ಮುಂದೆ, ತೆಗೀತಾರೋ ಇಲ್ವೋ ಅಂತ ಹಂಗೆ ನಿಲ್ಬಾರ್ದು. ರಕ್ತ ಪರೀಕ್ಷೆ ಯಾವ ಊರಲ್ಲಾದ್ರೂ ಇದ್ದೇ ಇರುತ್ತೆ. ಇದು ನಿನ್ನ ಮಾತು. ಸರಿನಾ ಅಪ್ಪ?"

ಮಂಜನ ಕಾಫಿ ಆರಿಹೋಗಿತ್ತು. ಅವನು ನನ್ನ ಕಡೆ ತಿರುಗಿ, "ನೋಡಕ್ಕ, ಇದನ್ನ ನಾನು ಯಾರ ಹತ್ರನೂ ಹೇಳಿರ್ಲಿಲ್ಲ" ಎಂದ. ಹೆಗಲ ಮೇಲಿನ ಟವೆಲಿನಿಂದ ಮುಖವನ್ನೆಲ್ಲ ಒಂದು ಸಲ ಜೋರಾಗಿ ಉಜ್ಜಿಕೊಂಡ. ನಾನು ಒಲೆಯ ಮೇಲೆ ಏನೋ ಇದೆ ಎಂಬ ನೆಪ ಮಾಡಿ ಎದ್ದೆ, ಆದರೆ ಬಾಗಿಲ ಹಿಂದೆಯೇ ನಿಂತೆ.

"ಸರಿ" ಎಂದ ಮಂಜ. "ನಿಂದೇನು, ಹೇಳು."

"ನಂಗೆ ಜಗಳ ಅಂದ್ರೆ ಇಷ್ಟ ಅಪ್ಪ. ಆಡೋಕಲ್ಲ, ಕೇಳೋಕೆ. ಇಬ್ರದ್ದೂ ಪೂರ್ತಿ ಕೇಳಿದ್ರೆ, ಇವ್ರು ತಳ್ಳು ಅಂದಿದ್ದೇ ಬೇರೆ, ಅವ್ರು ತಳ್ಳಿದ್ದೇ ಬೇರೆ ಅಂತ ಎಲ್ಲೋ ಒಂದ್ಕಡೆ ಗೊತ್ತಾಗುತ್ತೆ. ಆ ಜಾಗ ಹುಡುಕೋದು ನಂಗೆ ಬರುತ್ತೆ. ಬೇರೆ ಯಾವ್ದೂ ಅಷ್ಟು ಚೆನ್ನಾಗಿ ಬರಲ್ಲ."

ಸೆಲ್ವಮ್ಮನ ಕೊಡ ನೆನಪಾಗಿ ಮಂಜನಿಗೆ ನಗು ಬಂತು. ಆ ನೆಗ್ಗಿದ ಕೊಡವನ್ನು ಸೆಲ್ವಮ್ಮ ಕೊನೆಯ ತನಕ ತಟ್ಟಿಸಿರಲಿಲ್ಲ, ಅದನ್ನು ತೋರಿಸಿ ಅವ್ವನನ್ನು ಕಾಡುತ್ತಿದ್ದಳು. ಮಂಜ ಎದ್ದು ನಿಂತು, "ಪಟ್ಟಿ ಬರ್ಲಿ ಬಿಡು, ನೋಡೋಣ" ಎಂದ. ತಂದ ಆಟೋವನ್ನು ಖಾಲಿ ಹೊಡೆದುಕೊಂಡು ಹೋದ. ಸೋಮವಾರ ಬಂತು, ಹೋಯಿತು. ಲ್ಯಾಬಿನ ಜಾಗ ಕೈಬಿಟ್ಟಿತು. ಈಗ ಅವಳಿಗೆ ಅದೂ ಇಲ್ಲ, ಇದೂ ಇಲ್ಲ. ಆ ವಾರ ನಾನು ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದೆ. ಊಟದವರು ಯಾರೂ ತುಟಿ ಬಿಚ್ಚಲಿಲ್ಲ.

ಪಟ್ಟಿ ಹಾಕಿದ ದಿನ ವಿನಯ ಕೋರ್ಟಿನಿಂದ ಓಡುತ್ತಾ ಹೋಗಿ ನೋಡಿ ಬಂದ. ಕೊಡೆಯನ್ನೂ ಮರೆತು ಹೋಗಿದ್ದ; ಅವನ ಕೋಟಿನಿಂದ ನೀರು ಸುರಿಯುತ್ತಿತ್ತು. ಹೊಸ್ತಿಲಲ್ಲಿ ನಿಂತು, "ರತ್ನಕ್ಕ, ಎದುರು ಪಾರ್ಟಿ ಸೋತ್ರು!" ಎಂದು ಕೂಗಿದ. ಸೌಮ್ಯಳ ಹೆಸರು ಪಟ್ಟಿಯ ಕೆಳಗಿತ್ತು, ಆದರೆ ಇತ್ತು. "ಕುಂಸಿಯವಳದ್ದು?" ಎಂಬುದು ಸೌಮ್ಯ ಕೇಳಿದ ಮೊದಲ ಪ್ರಶ್ನೆ. ಅವಳ ಹೆಸರೂ ಇತ್ತು, ಇವಳದಕ್ಕಿಂತ ಮೇಲೆ. ಶಿವಲಿಂಗಪ್ಪನವರು ಆ ದಿನ ಎರಡು ಸಲ ಮಜ್ಜಿಗೆ ಅನ್ನ ಹಾಕಿಸಿಕೊಂಡರು.

ಸೇರುವ ದಿನ ಮಂಜನೂ ನಾನೂ ಜೊತೆಗೆ ಹೋದೆವು. ಪ್ರಿನ್ಸಿಪಾಲ್ ಮೇಡಂ ಅವಳನ್ನು ಕಂಡದ್ದೇ ಗುರುತು ಹಿಡಿದರು.

"ನೀನೇ ಅಲ್ವಾ? ನಿಂಗೆ ಯಾಕೆ ಸೀಟು ಕೊಡಬಾರದು ಅಂತ ಅಷ್ಟು ಚೆನ್ನಾಗಿ ನಮಗೂ ಹೇಳೋಕೆ ಬರ್ತಿರ್ಲಿಲ್ಲಮ್ಮ. ಆದ್ರೆ ನಿನ್ನ ಕಡೆ ವಾದ ಬಾಕಿ ಉಳೀತಲ್ಲ?"

"ಹೌದು ಮೇಡಂ. ಬಿಡ್ಲಿಲ್ಲ ನೀವು."

"ಐದು ವರ್ಷ ಟೈಮ್ ಕೊಟ್ಟಿದೀನಿ. ನಿಧಾನಕ್ಕೆ ಹೇಳು" ಎಂದು ನಕ್ಕರು.

ಅವಳು ಹೇಳಿದ ರೀತಿಯನ್ನು ನಾನು ಐದು ವರ್ಷವೂ ಕಣ್ಣಾರೆ ಕಂಡೆ. ಅಲ್ಲೂ ಅವಳು ಮೊದಲ ಬೆಂಚಿನವಳಾಗಲಿಲ್ಲ. ಬಾಯಿಪಾಠದ ವಿಷಯಗಳಲ್ಲಿ ಒದ್ದಾಡಿದಳು, ಒಂದನ್ನು ಎರಡನೇ ಸಲ ಬರೆದಳು. ಆದರೆ ಪರೀಕ್ಷೆ ಹತ್ತಿರ ಬಂದರೆ ಅವಳ ತರಗತಿಯ ಮಕ್ಕಳು ನಮ್ಮ ಪಡಸಾಲೆಗೆ ಬಂದು ಕೂರುತ್ತಿದ್ದರು, ಸೌಮ್ಯಳ ಬಾಯಲ್ಲಿ ಕೇಳಿದರೆ ಎರಡೂ ಕಡೆ ತಿಳಿಯುತ್ತದೆ ಎಂದು. ಕುಂಸಿಯ ಹುಡುಗಿಯಂತೂ ಮನೆಯವಳೇ ಆಗಿಬಿಟ್ಟಳು. ನಮ್ಮನೆ ಮಜ್ಜಿಗೆ ಅವಳ ಎಮ್ಮೆಯ ಹಾಲಿನದು.

ಈಗ ಊರಾಚೆಯ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಬಂದಿದೆ. ಮಂಜ ಲಗೇಜ್ ಆಟೋ ಬಿಟ್ಟು ಅಲ್ಲಿ ಟ್ಯಾಕ್ಸಿ ಓಡಿಸುತ್ತಾನೆ. ಮೊನ್ನೆ ಆ ಜೋರು ಮಳೆಯ ದಿನ ಅವನು ಮಧ್ಯಾಹ್ನ ನಮ್ಮಲ್ಲಿಗೆ ಊಟಕ್ಕೆ ಬಂದಿದ್ದ. ಕೋರ್ಟಿನಿಂದಲೇ ಬಂದದ್ದು.

"ವಿಮಾನ ಇಳಿಯೋಕೆ ಇನ್ನೂ ಹೊತ್ತಿತ್ತು ಅಕ್ಕ. ಇವತ್ತು ಅವಳೊಬ್ಳೇ ನಿಂತು ವಾದ ಮಾಡ್ತಾಳೆ ಅಂತ ವಿನಯ ಹೇಳಿದ್ದ. ಹೋಗಿ ಹಿಂದೆ ಕೂತೆ" ಎಂದ. "ಎದುರಿಗೆ ಯಾರು ಅಂತೀಯ? ಶಿವಲಿಂಗಪ್ಪನೋರೇ. ಇವ್ಳು ಎದ್ದು ನಿಂತು ಶುರು ಮಾಡಿದ್ಲು ನೋಡು, ಅವರ ಕಕ್ಷಿದಾರನ ಕಷ್ಟ ಎಲ್ಲ ಹೇಳ್ತಾ ಹೋದ್ಲು. ಶಿವಲಿಂಗಪ್ಪನೋರು ತಲೆ ತಗ್ಗಿಸ್ಕೊಂಡು ನಗ್ತಾ ಇದಾರೆ. ಜಡ್ಜ್ ಸಾಹೇಬ್ರು ಕನ್ನಡಕ ತೆಗೆದು, ‘ವಕೀಲರೇ, ನೀವು ಯಾರ ಪರ?’ ಅಂದ್ರು. ಇವ್ಳು ಏನಂದ್ಲು ಗೊತ್ತಾ? ‘ಇನ್ನೂ ಅಲ್ಲಿಗೆ ಬಂದಿಲ್ಲ ಸ್ವಾಮಿ, ಈಗ ಬರ್ತೀನಿ’ ಅಂದ್ಲು."

"ಆಮೇಲೆ?"

"ಅವರೇ, ‘ಸರಿ, ಬನ್ನಿ, ನಿಮ್ಮ ಕಡೆದು ಹೇಳಿ’ ಅಂತ ಕೂತ್ಕೊಂಡು ಕೇಳಿದ್ರು."

ಅಷ್ಟರಲ್ಲಿ ಶಿವಲಿಂಗಪ್ಪನವರು ಬಂದರು, ಅವರ ಹಿಂದೆಯೇ ಸೌಮ್ಯ. ಕೊಡೆ ಮಡಚಿ ಮೂಲೆಗಿಟ್ಟು, ಕೋಟು ಬಿಚ್ಚಿ ಕೊಡವಿ, ಶಿವಲಿಂಗಪ್ಪನವರ ಕೋಟಿನ ಪಕ್ಕದಲ್ಲೇ ಹಗ್ಗಕ್ಕೆ ಹಾಕಿದಳು. ನಾನು ಎಲೆ ಹಾಕುತ್ತಾ, "ಗೆದ್ದ್ಯೇನೇ?" ಎಂದು ಕೇಳಿದೆ.

"ಮುಂದಿನ ವಾಯಿದೆ ಕೊಟ್ಟಿದಾರೆ ಅತ್ತೆ" ಎಂದಳು. "ಸಾರು ಬಿಸಿ ಇದೆಯಾ?"